ಒಂದೇ ಕೀಲಿಮಣೆಗೆ ಇಬ್ಬರು ಯಜಮಾನರು

ಕಚೇರಿಯ ಕೆಲಸ ಮನೆಯೊಳಗೆ ಕಾಲಿಟ್ಟ 2020ರ ನಂತರ, ಬೆಂಗಳೂರಿನಂಥ ನಗರಗಳ ಅನೇಕ ಮನೆಗಳಲ್ಲಿ ಒಂದೇ ಮೇಜಿನ ಮೇಲೆ ಎರಡು ಕಂಪ್ಯೂಟರುಗಳು ಇರುವುದು ಸಾಮಾನ್ಯ ಸಂಗತಿಯಾಗಿದೆ. ಒಂದು ಕಂಪನಿ ಕೊಟ್ಟ ಲ್ಯಾಪ್‌ಟಾಪ್. ಇನ್ನೊಂದು ಮನೆಯವರು ಸ್ವಂತ ಹಣದಲ್ಲಿ ಕೊಂಡ ಯಂತ್ರ. ಎರಡಕ್ಕೂ ಬೇರೆ ಬೇರೆ ಕೀಲಿಮಣೆ, ಮೌಸ್, ಮಾನಿಟರ್ ಇಡಲು ಮೇಜಿನ ಮೇಲೆ ಜಾಗ ಸಾಲುವುದಿಲ್ಲ, ದಿನಕ್ಕೆ ಹತ್ತು ಸಲ ಕೇಬಲ್ ಕಿತ್ತು ಸಿಕ್ಕಿಸುವುದು ಕೈಗೂ ಬೇಸರ, ಪೋರ್ಟಿಗೂ ಸವೆತ. ಹಾಗಾಗಿ ಒಂದು ಗುಂಡಿ ಒತ್ತಿದೊಡನೆ ಇದ್ದ ಒಂದೇ ಸಲಕರಣೆ ಈ ಯಂತ್ರದಿಂದ ಆ ಯಂತ್ರಕ್ಕೆ ಹಾರಿಕೊಳ್ಳಬೇಕೆಂದು ಬಯಸುವುದು ಸಹಜವೇ ಆಗಿದೆ.

ಈ ಬಯಕೆಯನ್ನು ಈಡೇರಿಸುವ ಪುಟ್ಟ ಪೆಟ್ಟಿಗೆಗಳು ಮಾರುಕಟ್ಟೆಯಲ್ಲಿ ಧಾರಾಳವಾಗಿ ಸಿಗುತ್ತವೆ. ಅವುಗಳ ಬಗ್ಗೆ ದೂರುಗಳೂ ಅಷ್ಟೇ ಧಾರಾಳ. ಗುಂಡಿ ಒತ್ತಿದ ಮೇಲೆ ಪರದೆ ಕೆಲವು ಕ್ಷಣ ಕಪ್ಪಾಗಿ ನಿಲ್ಲುತ್ತದೆ, ಹಿಂತಿರುಗಿದಾಗ ತೆರೆದಿಟ್ಟಿದ್ದ ಕಿಟಕಿಗಳೆಲ್ಲ ಮೂಲೆಗೆ ಸೇರಿರುತ್ತವೆ, ಮೌಸಿನ ವಿಶೇಷ ಗುಂಡಿಗಳು ಸತ್ತಿರುತ್ತವೆ, ಅಕ್ಷರದ ಅಂಚುಗಳು ಮಸುಕಾಗಿರುತ್ತವೆ. ಇವೆಲ್ಲವನ್ನೂ ಅಗ್ಗದ ಮಾಲಿನ ದೋಷವೆಂದು ತಳ್ಳಿಹಾಕುವುದು ಅರ್ಧಸತ್ಯವಷ್ಟೇ. ಕೀಲಿಮಣೆಯೂ ಮಾನಿಟರೂ ಕಂಪ್ಯೂಟರಿಗೆ ತಗುಲಿಸಿದ ಮೂಕ ಉಪಕರಣಗಳಲ್ಲ. ಅವು ತಾವು ಯಾರು, ತಮ್ಮ ಶಕ್ತಿ ಎಷ್ಟು ಎಂಬುದನ್ನು ಕಂಪ್ಯೂಟರಿಗೆ ಹೇಳಿ, ಅದರ ಆದೇಶ ಕೇಳಿ, ಆಮೇಲೆ ಕೆಲಸಕ್ಕೆ ಇಳಿಯುತ್ತವೆ. ಹಾಗಿರುವಾಗ ತಂತಿಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ತಿರುಗಿಸುವುದು ಸುಲಭದ ಭಾಗ. ಕೈಬಿಟ್ಟ ಕಂಪ್ಯೂಟರಿಗೆ ತನ್ನ ಸಂಗಾತಿಗಳು ಇನ್ನೂ ಜೊತೆಯಲ್ಲೇ ಇದ್ದಾರೆ ಎಂದು ನಂಬಿಸುತ್ತ ಕೂರುವುದು ಕಷ್ಟದ ಭಾಗ. ಒಳ್ಳೆಯ ಸ್ವಿಚ್ಚಿಗೂ ಕೆಟ್ಟ ಸ್ವಿಚ್ಚಿಗೂ ಇರುವ ವ್ಯತ್ಯಾಸ ಬಹುಮಟ್ಟಿಗೆ ಈ ನಂಬಿಸುವ ಕಲೆಯಲ್ಲಿದೆ.

ಈ ಪೆಟ್ಟಿಗೆಗೆ ಕೆವಿಎಂ ಸ್ವಿಚ್ ಎಂದು ಹೆಸರು. ಕೀಬೋರ್ಡ್, ವಿಡಿಯೊ, ಮೌಸ್ ಎಂಬ ಮೂರು ಪದಗಳ ಮೊದಲಕ್ಷರಗಳು ಸೇರಿ ಆದದ್ದು. ಲಿನಕ್ಸ್ ಬಳಸುವವರಿಗೆ ಪರಿಚಿತವಾದ ಇದೇ ಹೆಸರಿನ ಇನ್ನೊಂದು ತಂತ್ರಜ್ಞಾನಕ್ಕೂ ಇದಕ್ಕೂ ಸಂಬಂಧವಿಲ್ಲ. ಅದು ಒಂದೇ ಯಂತ್ರದೊಳಗೆ ಹಲವು ಕಾಲ್ಪನಿಕ ಯಂತ್ರಗಳನ್ನು ನಡೆಸುವ ವ್ಯವಸ್ಥೆ. ಸ್ವಿಚ್ಚಿಗೆ ಕೆವಿಎಂ ಎಂಬ ಹೆಸರನ್ನು 1995ರಲ್ಲಿ ಬಳಕೆಗೆ ತಂದವರು ಅಮೆರಿಕದ ಸೈಬೆಕ್ಸ್ ಸಂಸ್ಥೆಯ ಸ್ಥಾಪಕ ರೆಮಿಜಿಯಸ್ ಶಾಟಸ್. ಆ ಸಂಸ್ಥೆ 2000ದಲ್ಲಿ ಅಪೆಕ್ಸ್ ಎಂಬ ಪ್ರತಿಸ್ಪರ್ಧಿಯೊಡನೆ ವಿಲೀನಗೊಂಡು ಅವೊಸೆಂಟ್ ಆಯಿತು. ಹೆಸರಿಗಿಂತ ಮೊದಲೇ ವಸ್ತು ಇತ್ತು. ಹತ್ತಾರು ಸರ್ವರುಗಳನ್ನು ಕಪಾಟಿನಂಥ ಚೌಕಟ್ಟುಗಳಲ್ಲಿ ಪೇರಿಸಿಟ್ಟ ಕೋಣೆಗಳಲ್ಲಿ ಪ್ರತಿ ಯಂತ್ರಕ್ಕೊಂದು ಮಾನಿಟರ್ ಇಡುವುದು ಹಣ, ಜಾಗ, ಶಾಖ ಈ ಮೂರರ ದೃಷ್ಟಿಯಿಂದಲೂ ದುಂದು ಎನ್ನಿಸಿದ್ದರಿಂದ, ಎಲ್ಲಕ್ಕೂ ಸೇರಿ ಒಂದೇ ಸಲಕರಣೆ ಇಟ್ಟು, ಮುಂದೆ ಒಂದು ತಿರುಗುಗುಂಡಿ ಇರುವ ತಗಡಿನ ಪೆಟ್ಟಿಗೆಯ ಮೂಲಕ ಬೇಕಾದ ಯಂತ್ರವನ್ನು ಆರಿಸಿಕೊಳ್ಳುವ ಪದ್ಧತಿ ಬಂದಿತ್ತು. ಆ ಪೆಟ್ಟಿಗೆಯೊಳಗೆ ಲೋಹದ ನಾಲಿಗೆಗಳು ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಸರಿಯುತ್ತಿದ್ದವು, ಅಷ್ಟೇ. ಅದರ ದೌರ್ಬಲ್ಯವೂ ಅಲ್ಲೇ ಇತ್ತು.

ಆ ಕಾಲದ ಕೀಲಿಮಣೆ ಮತ್ತು ಮೌಸುಗಳು ಐಬಿಎಂ ಸಂಸ್ಥೆ 1987ರಲ್ಲಿ ತನ್ನ ಪಿಎಸ್/2 ಕಂಪ್ಯೂಟರುಗಳ ಜೊತೆ ತಂದ, ಆರು ಸೂಜಿಗಳ ದುಂಡನೆಯ ಜೋಡಣೆಯನ್ನು ಬಳಸುತ್ತಿದ್ದವು. ಮುಂದೆ ಕೀಲಿಮಣೆಗೆ ನೇರಳೆ, ಮೌಸಿಗೆ ಹಸಿರು ಎಂದು ಬಣ್ಣ ಗೊತ್ತಾದ ಆ ರಂಧ್ರಗಳನ್ನು ಹಳೆಯ ಯಂತ್ರಗಳ ಬೆನ್ನಿನಲ್ಲಿ ಈಗಲೂ ಕಾಣಬಹುದು. ಯಂತ್ರ ಚಾಲೂ ಇರುವಾಗ ಕಿತ್ತು ಸಿಕ್ಕಿಸಲು ಅವು ತಯಾರಾದವಲ್ಲ. ಚಾಲೂ ಆಗುವ ಹೊತ್ತಿನಲ್ಲಿ ಕಂಪ್ಯೂಟರು ಕೀಲಿಮಣೆ ಇದೆಯೇ ಎಂದು ಪರೀಕ್ಷಿಸುತ್ತಿತ್ತು; ಉತ್ತರ ಬಾರದಿದ್ದರೆ ಕೀಲಿಮಣೆ ಸಿಗುತ್ತಿಲ್ಲ, ಮುಂದುವರಿಯಲು ಎಫ್1 ಒತ್ತಿ ಎಂಬ ಸಂದೇಶ ತೋರಿಸಿ ನಿಂತುಬಿಡುತ್ತಿತ್ತು. ಇಲ್ಲದ ಕೀಲಿಮಣೆಯ ಕೀಲಿಯೊಂದನ್ನು ಒತ್ತಲು ಹೇಳುವ ಆ ಸಂದೇಶ ಒಂದು ತಲೆಮಾರಿನ ತಂತ್ರಜ್ಞರಿಗೆಲ್ಲ ನಗೆಯ ವಸ್ತುವಾಗಿತ್ತು. ಆದರೆ ವಿದ್ಯುತ್ ಹೋಗಿ ಬಂದು ಇಪ್ಪತ್ತು ಸರ್ವರುಗಳು ಒಟ್ಟಿಗೆ ಚಾಲೂ ಆದಾಗ, ತಿರುಗುಗುಂಡಿ ಯಾವುದರ ಕಡೆಗಿತ್ತೋ ಅದೊಂದು ಮಾತ್ರ ಎದ್ದು ಉಳಿದವು ಎಫ್1 ಕಾಯುತ್ತ ನಿಲ್ಲುವುದನ್ನು ನೋಡಿದ ಉಸ್ತುವಾರಿಯವನಿಗೆ ನಗು ಬಂದಿರಲಾರದು.

ಮೌಸಿನ ಕಥೆ ಇನ್ನೂ ಸೂಕ್ಷ್ಮವಾದದ್ದು. ಮೊದಲಿನ ಪಿಎಸ್/2 ಮೌಸು ಪ್ರತಿ ಚಲನೆಯನ್ನೂ ಮೂರು ಬೈಟುಗಳ ಕಟ್ಟಾಗಿ ಕಳಿಸುತ್ತಿತ್ತು. 1996ರಲ್ಲಿ ಮೈಕ್ರೋಸಾಫ್ಟ್ ಚಕ್ರವಿರುವ ಮೌಸನ್ನು ತಂದಾಗ ನಾಲ್ಕನೆಯ ಬೈಟು ಬೇಕಾಯಿತು; ಆದರೆ ಹಳೆಯ ಕಂಪ್ಯೂಟರುಗಳಿಗೆ ನಾಲ್ಕು ಬೈಟು ಕಳಿಸಿದರೆ ಅವು ಗೊಂದಲಕ್ಕೀಡಾಗುತ್ತವೆ. ಅದಕ್ಕೆ ಕಂಡುಕೊಂಡ ಉಪಾಯ ಒಂದು ಗುಪ್ತ ಕದತಟ್ಟುವಿಕೆ: ಕಂಪ್ಯೂಟರು ಮೌಸು ಸೆಕೆಂಡಿಗೆ ಎಷ್ಟು ಸಲ ವರದಿ ಕೊಡಬೇಕೆಂಬ ವೇಗವನ್ನು ಒಂದಾದ ಮೇಲೊಂದರಂತೆ 200, 100, 80 ಎಂದು ನಿಗದಿಪಡಿಸುತ್ತದೆ; ಈ ಸರಣಿಯನ್ನು ಗುರುತಿಸಿದ ಮೌಸು ತನ್ನ ಗುರುತುಸಂಖ್ಯೆಯನ್ನು 0 ಬದಲು 3 ಎಂದು ಹೇಳಿ, ಅಲ್ಲಿಂದಾಚೆಗೆ ನಾಲ್ಕು ಬೈಟುಗಳನ್ನು ಕಳಿಸುತ್ತದೆ. ಈ ಮಾತುಕತೆ ನಡೆಯುವುದು ಯಂತ್ರ ಏಳುವಾಗ ಒಮ್ಮೆ ಮಾತ್ರ. ಆದ್ದರಿಂದ ಬರಿಯ ತಿರುಗುಗುಂಡಿಯಿಂದ ಮೌಸನ್ನು ಎರಡನೆಯ ಕಂಪ್ಯೂಟರಿಗೆ ದಾಟಿಸಿದರೆ, ಒಂದು ಪಕ್ಷ ನಾಲ್ಕು ಬೈಟುಗಳಲ್ಲಿ ಹೇಳಿದ್ದನ್ನು ಇನ್ನೊಂದು ಪಕ್ಷ ಮೂರು ಮೂರಾಗಿ ಕತ್ತರಿಸಿ ಓದುವ ಸಂಭವವಿತ್ತು. ಆಗ ಬಾಣದ ಗುರುತು ಪರದೆಯ ಮೂಲೆಗೆ ಹಾರಿ, ಒತ್ತದ ಗುಂಡಿಗಳು ತಾವಾಗಿ ಒತ್ತಿಕೊಂಡು, ಯಂತ್ರಕ್ಕೆ ಗಾಳಿ ಹಿಡಿದಂತೆ ಆಡುತ್ತಿತ್ತು. ಇದನ್ನು ನಿವಾರಿಸಲು ಸ್ವಿಚ್ಚಿನೊಳಗೆ ಪುಟ್ಟದೊಂದು ನಿಯಂತ್ರಕ ಚಿಪ್ಪನ್ನು ಕೂರಿಸಿ, ಪ್ರತಿ ಕಂಪ್ಯೂಟರಿನ ಎದುರಿಗೂ ಅದು ಕೀಲಿಮಣೆ ಮತ್ತು ಮೌಸಿನ ವೇಷ ಹಾಕಿ ಸದಾ ಉತ್ತರ ಕೊಡುತ್ತಿರುವಂತೆ ಮಾಡಲಾಯಿತು. ಇದಕ್ಕೆ ಎಮ್ಯುಲೇಶನ್, ಅಂದರೆ ಅನುಕರಣೆ, ಎಂದು ಹೆಸರು. ಕೆವಿಎಂ ಸ್ವಿಚ್ ನಿಜವಾದ ಅರ್ಥದಲ್ಲಿ ಹುಟ್ಟಿದ್ದು ಈ ವೇಷಧಾರಿ ಚಿಪ್ಪಿನೊಂದಿಗೆ.

ಯುಎಸ್‌ಬಿ ಬಂದ ಮೇಲೆ ಈ ಕಷ್ಟಗಳು ತೀರಬೇಕಿತ್ತು. ಕೆಲವು ತೀರಿದವು, ಕೆಲವು ರೂಪ ಬದಲಿಸಿದವು. 1996ರ ಜನವರಿಯಲ್ಲಿ ಮೊದಲ ಆವೃತ್ತಿ ಪ್ರಕಟವಾದ ಈ ಮಾನದಂಡದಲ್ಲಿ ಯಂತ್ರ ಚಾಲೂ ಇದ್ದಾಗಲೇ ಉಪಕರಣವನ್ನು ಜೋಡಿಸಬಹುದು, ತೆಗೆಯಬಹುದು. ಆದರೆ ಅದರ ವ್ಯವಸ್ಥೆ ಮರದ ರೂಪದ್ದು. ಬುಡದಲ್ಲಿ ಒಬ್ಬನೇ ಯಜಮಾನ, ಅಂದರೆ ಕಂಪ್ಯೂಟರು, ಕೊಂಬೆಗಳಲ್ಲಿ ಉಪಕರಣಗಳು. ಯಜಮಾನ ಕೇಳದೆ ಯಾವ ಉಪಕರಣವೂ ಬಾಯಿ ಬಿಡುವಂತಿಲ್ಲ, ಒಂದು ಉಪಕರಣಕ್ಕೆ ಏಕಕಾಲದಲ್ಲಿ ಇಬ್ಬರು ಯಜಮಾನರು ಇರುವಂತೆಯೂ ಇಲ್ಲ. ಹೊಸ ಉಪಕರಣ ಜೋಡಣೆಯಾದಾಗ ಯಜಮಾನನು ಅದರ ಪರಿಚಯಪತ್ರಗಳನ್ನು ಓದಿ, ಅದಕ್ಕೊಂದು ವಿಳಾಸಸಂಖ್ಯೆ ಕೊಟ್ಟು, ತಕ್ಕ ಚಾಲಕ ತಂತ್ರಾಂಶವನ್ನು ಹೊಂದಿಸುವ ವಿಧಿಗೆ ಎನ್ಯೂಮರೇಶನ್ ಎನ್ನುತ್ತಾರೆ. ಅಗ್ಗದ ಯುಎಸ್‌ಬಿ ಸ್ವಿಚ್ಚುಗಳು ಮಾಡುವುದು ಇಷ್ಟೇ: ಗುಂಡಿ ಒತ್ತಿದಾಗ ಒಂದು ಕಂಪ್ಯೂಟರಿನಿಂದ ಸಲಕರಣೆಯನ್ನು ಕಿತ್ತು ಇನ್ನೊಂದಕ್ಕೆ ಸಿಕ್ಕಿಸುತ್ತವೆ, ಪ್ರತಿ ಸಲವೂ ಪರಿಚಯವಿಧಿ ಮೊದಲಿನಿಂದ ನಡೆಯುತ್ತದೆ. ಗುಂಡಿ ಒತ್ತಿದ ಮೇಲೆ ಒಂದೆರಡು ಸೆಕೆಂಡು ಕೀಲಿಮಣೆ ಸ್ಪಂದಿಸದಿರುವುದಕ್ಕೆ, ವಿಂಡೋಸಿನಲ್ಲಿ ಜೋಡಣೆಯ ಸದ್ದು ಕೇಳಿಸುವುದಕ್ಕೆ ಇದೇ ಕಾರಣ.

ಬೆಲೆ ಹೆಚ್ಚಿರುವ ಸ್ವಿಚ್ಚುಗಳು ಹಳೆಯ ವೇಷವನ್ನೇ ಹೊಸ ರೀತಿಯಲ್ಲಿ ಹಾಕುತ್ತವೆ. ಎರಡೂ ಕಂಪ್ಯೂಟರುಗಳಿಗೆ ಸದಾ ಒಂದು ಸಾಧಾರಣ ಕೀಲಿಮಣೆ ಮತ್ತು ಮೌಸು ಜೋಡಣೆಯಾಗಿದೆಯೆಂದು ತೋರಿಸುತ್ತ, ನಿಜವಾದ ಕೀಲಿಮಣೆಯಿಂದ ಬಂದ ಸಂಕೇತಗಳನ್ನು ಬೇಕಾದ ಕಡೆಗೆ ದಾಟಿಸುವುದರಿಂದ ಬದಲಾವಣೆ ಕ್ಷಣಮಾತ್ರದಲ್ಲಿ ಆಗುತ್ತದೆ; ಸ್ಕ್ರೋಲ್ ಲಾಕ್ ಕೀಲಿಯನ್ನು ಎರಡು ಸಲ ಒತ್ತಿ ಯಂತ್ರ ಬದಲಿಸುವ ಸೌಕರ್ಯವೂ, ನಡುವೆ ಕುಳಿತ ಚಿಪ್ಪು ಪ್ರತಿ ಸಂಕೇತವನ್ನೂ ಓದುತ್ತಿರುವುದರಿಂದಲೇ, ಸಾಧ್ಯವಾಗುತ್ತದೆ. ಬೇರೆ ಕೆಲಸಕ್ಕೆ ಹೆಚ್ಚು ಬಳಕೆಯಿಲ್ಲದ ಕೀಲಿ ಅದಾದ್ದರಿಂದ ಆ ಆಯ್ಕೆ. ಇದರ ಕೊರತೆಯೂ ವೇಷದಲ್ಲೇ ಇದೆ: ಚಿಪ್ಪಿಗೆ ಸಾಧಾರಣ ಕೀಲಿಮಣೆಯ ಪಾತ್ರ ಮಾತ್ರ ಗೊತ್ತಿದ್ದರೆ, ಹೆಚ್ಚುವರಿ ಗುಂಡಿಗಳಿರುವ ಮೌಸಾಗಲಿ, ಸೆಕೆಂಡಿಗೆ ಸಾವಿರ ಸಲ ಸ್ಥಾನ ತಿಳಿಸುವ ಆಟದ ಮೌಸಾಗಲಿ ಅದರ ಹಿಂದೆ ತನ್ನ ಗುಣಗಳನ್ನು ಕಳೆದುಕೊಂಡು ಸಾಮಾನ್ಯವಾಗಿಬಿಡುತ್ತದೆ. ನಿಜವಾದ ಉಪಕರಣದ ಪರಿಚಯಪತ್ರವನ್ನೇ ನಕಲು ಮಾಡಿ ಎರಡೂ ಕಡೆ ತೋರಿಸುವ ಮೂರನೆಯ ವಿಧಾನ ಈ ಕೊರತೆಯನ್ನು ತುಂಬಲು ಬಂದದ್ದು.

ಕನ್ನಡ ಬೆರಳಚ್ಚಿಸುವವರಿಗೆ ಇಲ್ಲಿ ಕುತೂಹಲದ ಸಂಗತಿಯೊಂದಿದೆ. ಯುಎಸ್‌ಬಿ ಕೀಲಿಮಣೆ ಅಕ್ಷರಗಳನ್ನು ಕಳಿಸುವುದೇ ಇಲ್ಲ. ಸರಳ ವಿಧಾನದಲ್ಲಿ ಅದು ಕಳಿಸುವುದು ಎಂಟು ಬೈಟುಗಳ ಒಂದು ಪುಟ್ಟ ವರದಿ: ಶಿಫ್ಟ್, ಕಂಟ್ರೋಲ್‌ನಂಥ ಕೀಲಿಗಳ ಸ್ಥಿತಿಗೆ ಒಂದು ಬೈಟು, ಮೀಸಲಾಗಿ ಒಂದು, ಒತ್ತಿರುವ ಕೀಲಿಗಳ ಸಂಖ್ಯೆಗಳಿಗೆ ಆರು. ಇಂಗ್ಲಿಷಿನ ‘ಡಿ’ ಎಂದು ಮುದ್ರಿಸಿರುವ ಕೀಲಿ ಒತ್ತಿದರೆ ಹೋಗುವುದು 7 ಎಂಬ ಸಂಖ್ಯೆ ಮಾತ್ರ. ಆ 7 ಅನ್ನು ಇಂಗ್ಲಿಷ್ ವಿನ್ಯಾಸವಿರುವ ಕಂಪ್ಯೂಟರು ‘ಡಿ’ ಎಂದು ಓದುತ್ತದೆ; ಕೆ.ಪಿ. ರಾವ್ ರೂಪಿಸಿದ ಧ್ವನ್ಯಾತ್ಮಕ ವಿನ್ಯಾಸವಿರುವ ಕಂಪ್ಯೂಟರು ‘ದ’ ಎಂದು ಓದುತ್ತದೆ. ಇನ್‌ಸ್ಕ್ರಿಪ್ಟ್ ವಿನ್ಯಾಸವಿರುವ ಕಂಪ್ಯೂಟರು ಒತ್ತಕ್ಷರ ಮಾಡಲು ಬೇಕಾದ ಹಲಂತ ಚಿಹ್ನೆಯೆಂದು ಓದುತ್ತದೆ. ಆದ್ದರಿಂದ ಕಚೇರಿಯ ಯಂತ್ರದಲ್ಲಿ ಇನ್‌ಸ್ಕ್ರಿಪ್ಟ್, ಮನೆಯ ಯಂತ್ರದಲ್ಲಿ ಕೆ.ಪಿ. ರಾವ್ ವಿನ್ಯಾಸದ ನುಡಿ ತಂತ್ರಾಂಶ ಇಟ್ಟುಕೊಂಡವರಿಗೆ ಕೆವಿಎಂ ಸ್ವಿಚ್ ಯಾವ ಅಡ್ಡಿಯನ್ನೂ ಮಾಡುವುದಿಲ್ಲ. ಭಾಷೆಯ ನಿರ್ಧಾರ ಪೆಟ್ಟಿಗೆಯ ಆಚೆ, ಆಯಾ ಕಂಪ್ಯೂಟರಿನೊಳಗೆ ನಡೆಯುತ್ತದೆ.

ಮಾನಿಟರಿನ ಪಾಲಿನ ಕಷ್ಟ ಬೇರೆ ಪ್ರಮಾಣದ್ದು. ಕೀಲಿಮಣೆಯ ವರದಿ ಎಂಟು ಬೈಟುಗಳಾದರೆ, ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆಗಳಿರುವ ಪರದೆಗೆ ಸೆಕೆಂಡಿಗೆ 60 ಸಲ ಚಿತ್ರ ಕಳಿಸಲು, ಪ್ರತಿ ಚುಕ್ಕೆಯ ಬಣ್ಣಕ್ಕೆ 24 ಬಿಟ್‌ಗಳ ಲೆಕ್ಕದಲ್ಲಿ, ಸೆಕೆಂಡಿಗೆ ಸುಮಾರು 300 ಕೋಟಿ ಬಿಟ್‌ಗಳು ಹರಿಯಬೇಕು. 3840ಕ್ಕೆ 2160 ಚುಕ್ಕೆಗಳ, ರೂಢಿಯಲ್ಲಿ 4ಕೆ ಎನ್ನುವ ಪರದೆಗೆ ಅದು ಸುಮಾರು 1,200 ಕೋಟಿ. ಹಳೆಯ ವಿಜಿಎ ಜೋಡಣೆಯಲ್ಲಿ ಸಂಕೇತ ಏರಿಳಿಯುವ ವಿದ್ಯುತ್ತಾಗಿ ಹೋಗುತ್ತಿದ್ದುದರಿಂದ ಕಳಪೆ ಸ್ವಿಚ್ಚು ಚಿತ್ರವನ್ನು ಮಸುಕು ಮಾಡುತ್ತಿತ್ತು, ಅಕ್ಷರಗಳ ಪಕ್ಕದಲ್ಲಿ ನೆರಳು ಮೂಡಿಸುತ್ತಿತ್ತು. ಆದರೂ ಚಿತ್ರ ಬರುತ್ತಿತ್ತು. ಎಚ್‌ಡಿಎಂಐ, ಡಿಸ್‌ಪ್ಲೇಪೋರ್ಟ್‌ಗಳಂಥ ಅಂಕೀಯ ಜೋಡಣೆಗಳಲ್ಲಿ ಈ ನಡುದಾರಿ ಹೆಚ್ಚಾಗಿ ಇಲ್ಲ: ಸಂಕೇತ ತುಸು ಕೆಟ್ಟರೆ ಪರದೆಯಲ್ಲಿ ಕಿಡಿಗಳು ಹಾರುತ್ತವೆ, ಇನ್ನೂ ಕೆಟ್ಟರೆ ಪರದೆ ಕಪ್ಪು. ಎಚ್‌ಡಿಎಂಐ 1.4 ಆವೃತ್ತಿಯ ಸ್ವಿಚ್ಚು 4ಕೆ ಚಿತ್ರವನ್ನು ಸೆಕೆಂಡಿಗೆ 30 ಸಲ ಮಾತ್ರ ದಾಟಿಸಬಲ್ಲದು. 60 ಸಲ ಬೇಕೆಂದರೆ 2013ರಲ್ಲಿ ಬಂದ 2.0 ಆವೃತ್ತಿಯದ್ದೇ ಆಗಬೇಕು. ಪೆಟ್ಟಿಗೆಯ ಮೇಲೆ ದೊಡ್ಡದಾಗಿ 4ಕೆ ಎಂದು ಮುದ್ರಿಸಿ, 30 ಎಂಬ ಅಂಕಿಯನ್ನು ಹಿಂಬದಿಯ ಸಣ್ಣಕ್ಷರಗಳಲ್ಲಿ ಅಡಗಿಸುವುದು ಈ ವ್ಯಾಪಾರದ ಹಳೆಯ ಚಾಳಿ. 30 ಸಲದ ಚಿತ್ರದಲ್ಲಿ ಸಿನಿಮಾ ನೋಡಲು ಅಡ್ಡಿಯಿಲ್ಲ, ಆದರೆ ಮೌಸಿನ ಬಾಣ ಕೈಗಿಂತ ಹಿಂದೆ ಉಳಿದಂತೆ ಭಾಸವಾಗಿ ಇಡೀ ಯಂತ್ರವೇ ನಿಧಾನವೆನಿಸುತ್ತದೆ.

ಕಿಟಕಿಗಳು ಮೂಲೆ ಸೇರುವ ತೊಂದರೆಗೆ ಕಾರಣ ಮಾನಿಟರಿನ ಪರಿಚಯಪತ್ರ. ವೀಸಾ ಎಂಬ ಮಾನದಂಡ ಸಂಸ್ಥೆ 1994ರಲ್ಲಿ ರೂಪಿಸಿದ, ಇಡಿಐಡಿ ಎಂದು ಕರೆಯುವ 128 ಬೈಟುಗಳ ಈ ದಾಖಲೆ ಪ್ರತಿ ಮಾನಿಟರಿನೊಳಗಿನ ಪುಟ್ಟ ಸ್ಮೃತಿಯಲ್ಲಿ ಕೂತಿರುತ್ತದೆ. ತಯಾರಕರನ್ನು ಸೂಚಿಸುವ ಮೂರು ಅಕ್ಷರಗಳು, ತಯಾರಾದ ವಾರ ಮತ್ತು ವರ್ಷ, ಪರದೆಯ ಅಗಲ ಎತ್ತರಗಳು ಸೆಂಟಿಮೀಟರುಗಳಲ್ಲಿ, ಅದು ತೋರಿಸಬಲ್ಲ ಚಿತ್ರಗಾತ್ರಗಳ ಪಟ್ಟಿ, ಕೊನೆಗೆ ಇದೆಲ್ಲ ಸರಿಯಾಗಿ ತಲುಪಿತೇ ಎಂದು ತಾಳೆ ನೋಡಲು ಒಂದು ಬೈಟು. ವರ್ಷವನ್ನು 1990ರಿಂದ ಎಣಿಸುವುದರಿಂದ 2024ರಲ್ಲಿ ತಯಾರಾದ ಮಾನಿಟರಿನ ದಾಖಲೆಯಲ್ಲಿ 34 ಎಂದಿರುತ್ತದೆ. ಕಂಪ್ಯೂಟರು ಇದನ್ನು ಓದಿಯೇ ಯಾವ ಗಾತ್ರದ ಚಿತ್ರ ಕಳಿಸಬೇಕೆಂದು ತೀರ್ಮಾನಿಸುತ್ತದೆ. ಜೊತೆಗೆ ಮಾನಿಟರ್ ಜೋಡಣೆಯಾಗಿದೆ ಎಂದು ಸಾರುವ ಪ್ರತ್ಯೇಕ ತಂತಿಯೊಂದು ಎಚ್‌ಡಿಎಂಐ, ಡಿಸ್‌ಪ್ಲೇಪೋರ್ಟ್ ಎರಡರಲ್ಲೂ ಇದೆ. ಸ್ವಿಚ್ಚು ಮಾನಿಟರನ್ನು ಇನ್ನೊಂದು ಯಂತ್ರಕ್ಕೆ ದಾಟಿಸಿದಾಗ ಈ ತಂತಿಯ ಸಂಕೇತ ಬಿದ್ದುಹೋದರೆ, ಕೈಬಿಟ್ಟ ಕಂಪ್ಯೂಟರು ಮಾನಿಟರನ್ನು ಕಿತ್ತುಹಾಕಿದ್ದಾರೆಂದು ಭಾವಿಸಿ, ಅಲ್ಲಿದ್ದ ಕಿಟಕಿಗಳನ್ನೆಲ್ಲ ಲ್ಯಾಪ್‌ಟಾಪಿನ ಚಿಕ್ಕ ಪರದೆಗೆ ತುರುಕುತ್ತದೆ. ವಿಂಡೋಸ್ 11ರಲ್ಲಿ ಮಾನಿಟರ್ ಮರಳಿದಾಗ ಕಿಟಕಿಗಳನ್ನು ಮೊದಲಿದ್ದ ಜಾಗಕ್ಕೆ ತರುವ ಆಯ್ಕೆ ಸೇರಿದೆ. ಆದರೂ ಮೂಲ ಪರಿಹಾರವೆಂದರೆ ಇಡಿಐಡಿಯನ್ನು ತಾನೇ ನಕಲು ಮಾಡಿಟ್ಟುಕೊಂಡು, ಗೈರುಹಾಜರಾದ ಮಾನಿಟರಿನ ಪರವಾಗಿ ಸದಾ ಹಾಜರಿ ಹಾಕುವ ಸ್ವಿಚ್ಚು. ಎರಡು ಸ್ವಿಚ್ಚುಗಳ ಬೆಲೆಯಲ್ಲಿ ಅಜಗಜಾಂತರವಿರುವಾಗ ಆ ಅಂತರದ ದೊಡ್ಡ ಪಾಲು ಇದಕ್ಕೇ ಸಲ್ಲುತ್ತದೆ.

ಇಷ್ಟೆಲ್ಲ ರಗಳೆ ಚಿತ್ರವನ್ನು ಪೆಟ್ಟಿಗೆಯ ಮೂಲಕ ಹಾಯಿಸುವುದರಿಂದ ಬರುವುದಾದರೆ, ಹಾಯಿಸದೆ ಇರುವುದೇ ಜಾಣತನವಲ್ಲವೇ? ಈಗಿನ ಬಹುತೇಕ ಮಾನಿಟರುಗಳಿಗೆ ಎರಡು ಅಥವಾ ಹೆಚ್ಚು ಒಳಹರಿವಿನ ಪೋರ್ಟುಗಳಿವೆ. ಒಂದಕ್ಕೆ ಲ್ಯಾಪ್‌ಟಾಪ್, ಇನ್ನೊಂದಕ್ಕೆ ಡೆಸ್ಕ್‌ಟಾಪ್ ಜೋಡಿಸಿಟ್ಟರೆ ಚಿತ್ರದ ಗುಣಮಟ್ಟಕ್ಕೆ ಯಾವ ಧಕ್ಕೆಯೂ ಇಲ್ಲ. ತೊಡಕೆಂದರೆ ಮಾನಿಟರಿನ ಕೆಳಗಡೆ ಕೈಗೆ ಸಿಗದ ಗುಂಡಿಗಳನ್ನು ತಡಕಿ ಆಯ್ಕೆಪಟ್ಟಿಯೊಳಗೆ ಇಳಿಯಬೇಕಾದ ಕಿರಿಕಿರಿ. ಅದಕ್ಕೂ ದಾರಿಯಿದೆ, ಹೆಚ್ಚು ಜನರಿಗೆ ಅದು ತಿಳಿದಿಲ್ಲ: ಇಡಿಐಡಿ ಹರಿಯುವ ಅದೇ ತೆಳು ತಂತಿಗಳ ಮೇಲೆ ಡಿಡಿಸಿ/ಸಿಐ ಎಂಬ ಪದ್ಧತಿಯಲ್ಲಿ ಕಂಪ್ಯೂಟರು ಮಾನಿಟರಿಗೆ ಆಜ್ಞೆ ಕೊಡಬಹುದು, ಬೆಳಕು ಹೆಚ್ಚಿಸಬಹುದು, ಒಳಹರಿವನ್ನೂ ಬದಲಿಸಬಹುದು. ಲಿನಕ್ಸ್‌ನಲ್ಲಿ ಡಿಡಿಸಿಯುಟಿಲ್ ಎಂಬ ಉಚಿತ ತಂತ್ರಾಂಶ ಈ ಕೆಲಸ ಮಾಡುತ್ತದೆ, ವಿಂಡೋಸ್ ಮತ್ತು ಮ್ಯಾಕ್‌ಗಳಿಗೂ ಅಂಥವು ಇವೆ. ಕೀಲಿಮಣೆ ಮತ್ತು ಮೌಸಿಗೆ ಅಗ್ಗದ ಯುಎಸ್‌ಬಿ ಸ್ವಿಚ್ಚೊಂದನ್ನು ಇಟ್ಟು, ಕೀಲಿಮಣೆ ಕಾಣೆಯಾದೊಡನೆ ಮಾನಿಟರಿಗೆ ‘ಆ ಕಡೆ ಹೋಗು’ ಎಂದು ಆಜ್ಞೆ ಕಳಿಸುವ ಪುಟ್ಟ ತಂತ್ರಾಂಶವನ್ನು ಚಾಲೂ ಇಟ್ಟರೆ, ದುಬಾರಿ ಕೆವಿಎಂ ಸ್ವಿಚ್ಚಿನ ಕೆಲಸವೆಲ್ಲ ಅದರ ಒಂದು ಪಾಲು ಹಣದಲ್ಲಿ ಆಗುತ್ತದೆ. ಕೆಲವು ಮಾನಿಟರುಗಳಲ್ಲಿ ಡಿಡಿಸಿ/ಸಿಐ ಸರಿಯಾಗಿ ನಡೆಯುವುದಿಲ್ಲ, ಕೆಲವು ಮಾನಿಟರುಗಳಲ್ಲಿ ಕೆವಿಎಂ ಸ್ವಿಚ್ಚೇ ಒಳಗೆ ಅಡಕವಾಗಿ ಬರುತ್ತದೆ ಎಂಬೆರಡು ಮಾತುಗಳನ್ನು ಇದಕ್ಕೆ ಸೇರಿಸಿಕೊಳ್ಳಬೇಕು. ಬ್ಲೂಟೂತಿನ ಮೂಲಕ ಮೂರು ಯಂತ್ರಗಳವರೆಗೆ ನೆನಪಿಟ್ಟುಕೊಂಡು ಒಂದು ಕೀಲಿಯಿಂದ ಬದಲಾಗುವ ಕೀಲಿಮಣೆ ಇದ್ದವರಿಗಂತೂ ಯುಎಸ್‌ಬಿ ಸ್ವಿಚ್ಚೂ ಬೇಡ.

ಇನ್ನೊಂದು ಮಾರ್ಗ ಪೂರ್ತಿ ತಂತ್ರಾಂಶದ್ದು. ಎರಡು ಕಂಪ್ಯೂಟರುಗಳಿಗೂ ಅವುಗಳದ್ದೇ ಪರದೆಗಳಿದ್ದು, ಕೀಲಿಮಣೆ ಮತ್ತು ಮೌಸು ಮಾತ್ರ ಒಂದೇ ಸಾಕು ಎನ್ನುವವರಿಗೆ ಇದು ಬಹಳ ಹಿತವಾದದ್ದು: ಮೌಸಿನ ಬಾಣವನ್ನು ಒಂದು ಪರದೆಯ ಅಂಚಿಗೆ ತಳ್ಳಿದರೆ ಅದು ಪಕ್ಕದ ಕಂಪ್ಯೂಟರಿನ ಪರದೆಯಲ್ಲಿ ಪ್ರತ್ಯಕ್ಷವಾಗುತ್ತದೆ, ಬೆರಳಚ್ಚು ಅದನ್ನೇ ಹಿಂಬಾಲಿಸುತ್ತದೆ. 2001ರಲ್ಲಿ ಕ್ರಿಸ್ ಶೋಮನ್ ಬರೆದ ಸಿನರ್ಜಿ ಈ ಬಗೆಯ ತಂತ್ರಾಂಶಗಳಲ್ಲಿ ಹೆಸರಾದದ್ದು. ಅದರ ಬೇರಿನಿಂದಲೇ ಬ್ಯಾರಿಯರ್, ಇನ್‌ಪುಟ್ ಲೀಪ್, ಡೆಸ್ಕ್‌ಫ್ಲೋ ಎಂಬ ಮುಕ್ತ ತಂತ್ರಾಂಶಗಳು ಬಂದಿವೆ. ಮೈಕ್ರೋಸಾಫ್ಟಿನ ಮೌಸ್ ವಿದೌಟ್ ಬಾರ್ಡರ್ಸ್ 2011ರಲ್ಲಿ ಹೊರಬಂದು, 2023ರಲ್ಲಿ ಪವರ್‌ಟಾಯ್ಸ್ ಎಂಬ ಉಚಿತ ಸಂಗ್ರಹದ ಭಾಗವಾಯಿತು. ಆಪಲ್‌ನ ಯೂನಿವರ್ಸಲ್ ಕಂಟ್ರೋಲ್ 2022ರ ಮಾರ್ಚಿನಲ್ಲಿ ಬಳಕೆದಾರರ ಕೈಗೆ ಬಂತು. ಇವೆಲ್ಲದರ ತಿರುಳು ಒಂದೇ: ಕೀಲಿಮಣೆ ಜೋಡಣೆಯಾಗಿರುವ ಯಂತ್ರವು ಪ್ರತಿ ಒತ್ತನ್ನೂ ಹಿಡಿದು, ಮನೆಯ ಜಾಲದ ಮೂಲಕ ಇನ್ನೊಂದಕ್ಕೆ ಕಳಿಸುತ್ತದೆ. ಹಾಗಾಗಿ ಇನ್ನೊಂದು ಯಂತ್ರ ಪೂರ್ತಿ ಎದ್ದಿರಬೇಕು, ಜಾಲ ನೆಟ್ಟಗಿರಬೇಕು. ಯಂತ್ರ ಏಳುವ ಮೊದಲಿನ ಬಯೋಸ್ ಹಂತದಲ್ಲಿ ಈ ತಂತ್ರಾಂಶ ಇರುವುದೇ ಇಲ್ಲ. ಲಿನಕ್ಸಿನ ಹೊಸ ಚಿತ್ರವ್ಯವಸ್ಥೆಯಾದ ವೇಲ್ಯಾಂಡ್, ಒಂದು ತಂತ್ರಾಂಶ ಮತ್ತೊಂದರ ಕೀಲಿಒತ್ತುಗಳನ್ನು ಹಿಡಿಯುವುದನ್ನೂ ತೂರಿಸುವುದನ್ನೂ ಭದ್ರತೆಗಾಗಿ ತಡೆಯುವುದರಿಂದ, ಅಲ್ಲಿ ಇವುಗಳಿಗೆ ಹೊಸ ಬಾಗಿಲುಗಳನ್ನು ಕೊರೆಯಬೇಕಾಗಿ ಬಂತು.

ಇಲ್ಲಿ ಕನ್ನಡದ ಲೆಕ್ಕ ತಿರುವುಮುರುವಾಗುತ್ತದೆ. ಪೆಟ್ಟಿಗೆಯ ಮೂಲಕ ಹೋಗುವುದು ಕೀಲಿಯ ಸಂಖ್ಯೆಯಾದರೆ, ಈ ತಂತ್ರಾಂಶಗಳು ಮೊದಲ ಯಂತ್ರ ಆ ಕೀಲಿಗೆ ಕೊಟ್ಟ ಅರ್ಥವನ್ನೂ ಜೊತೆಗೆ ಸಾಗಿಸುವುದುಂಟು. ಎರಡು ಯಂತ್ರಗಳ ವಿನ್ಯಾಸಗಳು ಬೇರೆಯಾಗಿದ್ದರೆ ಬೇಡದ ಅಕ್ಷರ ಬೀಳುವುದೋ, ಏನೂ ಬೀಳದಿರುವುದೋ ಆಗಬಹುದು. ಕೀಲಿಮಣೆ ಇರುವ ಯಂತ್ರವನ್ನು ಇಂಗ್ಲಿಷ್ ವಿನ್ಯಾಸದಲ್ಲೇ ಬಿಟ್ಟು, ಬರೆಯಬೇಕಾದ ಯಂತ್ರದಲ್ಲಿ ಕನ್ನಡ ಆರಿಸಿಕೊಳ್ಳುವುದು ಸುರಕ್ಷಿತ ಕ್ರಮ. ಒಂದು ಕಡೆ ನಕಲಿಸಿದ ಪಠ್ಯವನ್ನು ಇನ್ನೊಂದು ಕಡೆ ಅಂಟಿಸುವ ಸೌಲಭ್ಯವೂ ಈ ತಂತ್ರಾಂಶಗಳಲ್ಲಿದೆ. ಯುನಿಕೋಡ್ ಕನ್ನಡ ಅದರಲ್ಲಿ ಚೊಕ್ಕವಾಗಿ ದಾಟುತ್ತದೆ, ಆದರೆ ನುಡಿ, ಬರಹ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟುಗಳಲ್ಲಿ ಬರೆದ ಪಠ್ಯ ಆ ಫಾಂಟಿಲ್ಲದ ಯಂತ್ರಕ್ಕೆ ಹೋದರೆ ರೋಮನ್ ಅಕ್ಷರಗಳ ಕಸದಂತೆ ಕಾಣುತ್ತದೆ. ತಪ್ಪು ದಾಟಿಸಿದ ತಂತ್ರಾಂಶದ್ದಲ್ಲ, ಆ ಪಠ್ಯ ಮೊದಲಿನಿಂದಲೂ ಕನ್ನಡದ ಮುಖವಾಡ ತೊಟ್ಟ ರೋಮನ್ ಸಂಕೇತಗಳೇ ಆಗಿತ್ತು.

ಇನ್ನು ನಂಬಿಕೆಯ ಪ್ರಶ್ನೆ. ಒಂದೇ ಕೀಲಿಮಣೆ ಎರಡು ಕಂಪ್ಯೂಟರುಗಳ ನಡುವೆ ಓಡಾಡುವಾಗ ಅವೆರಡರ ನಡುವೆ ಗುಟ್ಟಿನ ಹಾದಿಯೊಂದು ತೆರೆದುಕೊಳ್ಳಬಹುದೇ? ರಕ್ಷಣೆ, ಗುಪ್ತಚರದಂಥ ಇಲಾಖೆಗಳಲ್ಲಿ ಒಬ್ಬನೇ ಅಧಿಕಾರಿಯ ಮೇಜಿನ ಮೇಲೆ ಹೊರಜಾಲದ ಯಂತ್ರವೂ ಗೋಪ್ಯ ಜಾಲದ ಯಂತ್ರವೂ ಇರಬೇಕಾಗುವುದರಿಂದ ಈ ಪ್ರಶ್ನೆಯನ್ನು ಅವರು ಬಹಳ ಗಂಭೀರವಾಗಿ ತೆಗೆದುಕೊಂಡಿದ್ದಾರೆ. ಅಮೆರಿಕದಲ್ಲಿ ಇಂಥ ಸುರಕ್ಷಿತ ಸ್ವಿಚ್ಚುಗಳಿಗೆಂದೇ ಪ್ರತ್ಯೇಕ ಮಾನದಂಡವಿದೆ. ಅದರ ನಿಯಮಗಳನ್ನು ನೋಡಿದರೆ ಎಂಜಿನಿಯರುಗಳ ಅನುಮಾನ ಎಷ್ಟು ಆಳಕ್ಕೆ ಇಳಿಯಬಲ್ಲದೆಂದು ತಿಳಿಯುತ್ತದೆ. ಸಾಮಾನ್ಯ ಕೀಲಿಮಣೆಯಲ್ಲಿ ಕ್ಯಾಪ್ಸ್ ಲಾಕ್ ದೀಪ ಹೊತ್ತಿಸುವುದು ಕೀಲಿಮಣೆಯಲ್ಲ, ಕಂಪ್ಯೂಟರು. ಅಂದರೆ ಅಲ್ಲಿ ಕಂಪ್ಯೂಟರಿನಿಂದ ಕೀಲಿಮಣೆಗೆ ಹಿಮ್ಮುಖ ಸಂದೇಶ ಹರಿಯುತ್ತದೆ. ಕಿಡಿಗೇಡಿ ತಂತ್ರಾಂಶವೊಂದು ಆ ದೀಪದ ಸಂದೇಶದಲ್ಲೇ ಮಾಹಿತಿ ಬಚ್ಚಿಟ್ಟು ಕೀಲಿಮಣೆಯಲ್ಲಿ ಕೂಡಿಟ್ಟರೆ, ಸ್ವಿಚ್ ಬದಲಾದ ಮೇಲೆ ಅದು ಆಚೆಯ ಯಂತ್ರಕ್ಕೆ ಸೋರಬಹುದಲ್ಲವೇ? ಆದ್ದರಿಂದ ಸುರಕ್ಷಿತ ಸ್ವಿಚ್ಚಿನಲ್ಲಿ ಸಂಕೇತ ಕೀಲಿಮಣೆಯಿಂದ ಕಂಪ್ಯೂಟರಿನತ್ತ ಮಾತ್ರ ಹರಿಯುತ್ತದೆ, ಅಂಥ ಸ್ವಿಚ್ಚಿಗೆ ಜೋಡಿಸಿದ ಕೀಲಿಮಣೆಯ ಕ್ಯಾಪ್ಸ್ ಲಾಕ್ ದೀಪ ಹೊತ್ತುವುದೇ ಇಲ್ಲ. ಮಾನಿಟರಿನ ಇಡಿಐಡಿ ಸ್ಮೃತಿಗೆ ಯಾವ ಕಂಪ್ಯೂಟರೂ ಬರೆಯದಂತೆ ತಡೆ, ಮೈಕ್ರೊಫೋನಿಗೆ ನಿಷೇಧ, ಪೆನ್‌ಡ್ರೈವ್ ಸಿಕ್ಕಿಸಿದರೆ ನಿರಾಕರಣೆ, ಬಿಚ್ಚಲು ಯತ್ನಿಸಿದರೆ ಶಾಶ್ವತವಾಗಿ ಸಾಯುವ ಪೆಟ್ಟಿಗೆ, ಇವೆಲ್ಲ ಅದೇ ಅನುಮಾನದ ಮುಂದುವರಿಕೆಗಳು. ಅನುಮಾನ ಹುಸಿಯಲ್ಲ: 2015ರಲ್ಲಿ ಡೆಫ್ ಕಾನ್ ಎಂಬ ಹ್ಯಾಕರುಗಳ ಸಮ್ಮೇಳನದಲ್ಲಿ ಇಬ್ಬರು ಸಂಶೋಧಕರು ಸಾಮಾನ್ಯ ಕೆವಿಎಂ ಸ್ವಿಚ್ಚೊಂದರ ಒಳಗಿನ ತಂತ್ರಾಂಶವನ್ನೇ ಬದಲಿಸಿ, ಒತ್ತಿದ ಕೀಲಿಗಳನ್ನೆಲ್ಲ ಕದ್ದು ದಾಖಲಿಸುವ ಸಾಧನವನ್ನಾಗಿ ಅದನ್ನು ಪರಿವರ್ತಿಸಬಹುದೆಂದು ತೋರಿಸಿದರು.

ಜಾಲದ ಮೂಲಕ ದೂರದಿಂದಲೇ ಯಂತ್ರದ ಪರದೆ ನೋಡಿ ಕೀಲಿ ಒತ್ತಲು ಬಿಡುವ ಐಪಿ ಕೆವಿಎಂ ಎಂಬ ಸೋದರ ಸಾಧನ ಮತ್ತಷ್ಟು ಎಚ್ಚರ ಬೇಡುತ್ತದೆ. ನೆಟ್ಟಗೆ ಏಳದ ಸರ್ವರನ್ನು ಮನೆಯಿಂದಲೇ ದುರಸ್ತಿ ಮಾಡಲು ಅದಕ್ಕಿಂತ ಉಪಕಾರಿಯಾದದ್ದಿಲ್ಲ. ಅಂಗೈಯಗಲದ ರಾಸ್ಪ್‌ಬೆರಿ ಪೈ ಬಳಸಿ ಅದನ್ನು ಕಟ್ಟಿಕೊಳ್ಳುವ ಪೈಕೆವಿಎಂ ಯೋಜನೆ ಹವ್ಯಾಸಿಗಳಿಗೂ ಅದನ್ನು ನಿಲುಕಿಸಿದೆ. ಆದರೆ ಅಮೆರಿಕದ ನ್ಯಾಯ ಇಲಾಖೆ 2025ರ ಜೂನ್‌ನಲ್ಲಿ ಪ್ರಕಟಿಸಿದ ಪ್ರಕರಣಗಳಲ್ಲಿ, ಉತ್ತರ ಕೊರಿಯಾದವರು ಸುಳ್ಳು ಗುರುತಿನ ಮೇಲೆ ಅಮೆರಿಕದ ಕಂಪನಿಗಳಲ್ಲಿ ತಂತ್ರಾಂಶ ಕೆಲಸ ಹಿಡಿದು, ಅಮೆರಿಕದ ಮನೆಗಳಲ್ಲಿ ಇರಿಸಿದ್ದ ಕಂಪನಿ ಲ್ಯಾಪ್‌ಟಾಪುಗಳನ್ನು ಇಂಥ ಕೆವಿಎಂ ಸಾಧನಗಳ ಮೂಲಕ ದೂರದಿಂದ ನಡೆಸಿದರೆಂಬ ಆರೋಪವಿದೆ. ಅಲ್ಲಿಂದ ಈಚೆಗೆ ಕಂಪನಿಗಳ ಭದ್ರತಾ ವಿಭಾಗಗಳು ಲ್ಯಾಪ್‌ಟಾಪಿಗೆ ಜೋಡಣೆಯಾದ ಕೆವಿಎಂ ಕಂಡರೆ ಪ್ರಶ್ನೆ ಕೇಳುವುದಾದರೆ ಆಶ್ಚರ್ಯಪಡಬೇಕಿಲ್ಲ. ಸಿನರ್ಜಿಯಂಥ ತಂತ್ರಾಂಶದ ಆರಂಭಿಕ ಆವೃತ್ತಿಗಳಲ್ಲಿ ಕೀಲಿಒತ್ತುಗಳು ಗೂಢಲಿಪಿಯಿಲ್ಲದೆ ಬಟ್ಟಬಯಲಾಗಿ ಹರಿಯುತ್ತಿದ್ದವು, ಪಾಸ್‌ವರ್ಡೂ ಸೇರಿದಂತೆ. ಈಗ ಆ ಲೋಪ ಸರಿಯಾಗಿದ್ದರೂ ಕಂಪನಿಯ ಯಂತ್ರದಲ್ಲಿ ಅನುಮತಿಯಿಲ್ಲದೆ ಅದನ್ನು ಹಾಕಿಕೊಳ್ಳುವುದು ನೌಕರಿಗೇ ಕುತ್ತು ತರಬಹುದಾದ ಕೆಲಸ.

ಹೀಗಾಗಿ ಒಂದು ಮಾನಿಟರ್, ಎರಡು ಕಂಪ್ಯೂಟರು ಇರುವ ಸಾಮಾನ್ಯ ಮನೆಯ ಮೇಜಿಗೆ ದೊಡ್ಡ ಕೆವಿಎಂ ಸ್ವಿಚ್ಚು ಮೊದಲ ಆಯ್ಕೆಯಾಗಬೇಕಿಲ್ಲ. ಮಾನಿಟರಿನ ಎರಡು ಪೋರ್ಟುಗಳು ಮತ್ತು ಒಂದು ಸಾದಾ ಯುಎಸ್‌ಬಿ ಸ್ವಿಚ್ಚು ಬಹುಪಾಲು ಜನರಿಗೆ ಸಾಲುತ್ತದೆ, ಕೆಡುವ ಸಂಭವವೂ ಅದರಲ್ಲೇ ಕಡಿಮೆ. ಎರಡು ಮಾನಿಟರುಗಳನ್ನು ಒಟ್ಟಿಗೆ ಬದಲಿಸಬೇಕಾದವರು, ದಿನಕ್ಕೆ ನೂರಾರು ಸಲ ಆಚೀಚೆ ಓಡಾಡುವವರು ಮಾತ್ರ ಹೆಚ್ಚು ಹಣ ಕೊಟ್ಟು ಕೆವಿಎಂ ಕೊಳ್ಳಬಹುದು. ಆಗ ಪೆಟ್ಟಿಗೆಯ ಮುಂಬದಿಯ ದಪ್ಪಕ್ಷರಗಳನ್ನು ಬಿಟ್ಟು ಹಿಂಬದಿಯಲ್ಲಿ ಸೆಕೆಂಡಿಗೆ 60 ಚಿತ್ರಗಳ ಮಾತು ಇದೆಯೇ, ಇಡಿಐಡಿ ಅನುಕರಣೆ ಇದೆಯೇ, ಪ್ರತ್ಯೇಕ ವಿದ್ಯುತ್ ಅಡಾಪ್ಟರ್ ಜೊತೆಗೆ ಬರುತ್ತದೆಯೇ ಎಂದು ನೋಡಬೇಕು. ಈ ಮೂರೂ ಇಲ್ಲದ ಪೆಟ್ಟಿಗೆಯನ್ನು ಎಷ್ಟೇ ಅಗ್ಗವಾಗಿದ್ದರೂ ಅಂಗಡಿಯಲ್ಲೇ ಬಿಟ್ಟು ಬರುವುದು ಒಳಿತು.